ವ್ಯಾಲೆಟ್ಟಾ: ಮಂಗಳೂರಿಂದ ಹೊರಡುವವರಿಗೆ
ಮಾಲ್ಟಾದ ರಾಜಧಾನಿ ಚಿಕ್ಕದು, ನಡೆದೇ ನೋಡಬಹುದು. ಬೀದಿಗಳು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮಂಡಿನೋವಿನವರು ಬಂದರಿಗಿಳಿಯಲು ಬರಕ್ಕಾ ಲಿಫ್ಟ್ ಹಿಡಿಯಿರಿ.

ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್‌ಗೆ ಎರಡು ಗಂಟೆ ಬೇಕೇ ಬೇಕು. ಅಲೋಶಿಯಸ್ ಚಾಪೆಲ್ ನೋಡಿ ಬೆಳೆದ ಕಣ್ಣಿಗೂ ಇದು ಹೊಸದು: ಚಾವಣಿಯಲ್ಲಿ ಮತ್ತಿಯಾ ಪ್ರೇಟಿ ತೈಲವರ್ಣವನ್ನು ನೇರ ಕಲ್ಲಿನ ಮೇಲೇ ಬಳಿದಿದ್ದಾನೆ. ಇಟಲಿಯ ಚಿತ್ರಕಾರ ಕರವಾಜ್ಜೋ 1608ರಲ್ಲಿ ಬರೆದ ಸಂತ ಜಾನ್‌ನ ಶಿರಚ್ಛೇದದ ಚಿತ್ರ ಒರೇಟರಿಯಲ್ಲಿ, ಅಂದರೆ ಇಲ್ಲಿನ ಪ್ರಾರ್ಥನಾ ಕೋಣೆಯಲ್ಲಿದೆ. ಹರಿದ ರಕ್ತದಲ್ಲೇ ಅವನ ಸಹಿ ಇದೆ, ಹುಡುಕಿ. ಚೂಪು ಹೀಲ್ಸ್ ಹಾಕಿದರೆ ಬಿಡುವುದಿಲ್ಲ, ನೆಲದ ಅಮೃತಶಿಲೆಯ ಸಮಾಧಿಗಳು ಹಾಳಾಗುತ್ತವೆಂದು. ಭಾನುವಾರ ಪ್ರವಾಸಿಗರಿಗೆ ಬಂದ್.

ಎದುರು ದಡದ ಸ್ಲೀಮಾ ಪಟ್ಟಣಕ್ಕೆ ಬಸ್ಸಿಗಿಂತ ಫೆರಿ ವಾಸಿ. ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಅಲ್ಲಿ ಪಣಂಬೂರಿನಂಥ ಮರಳಿಲ್ಲ, ಬರೀ ಬಂಡೆ, ಪಾಚಿ ಕಟ್ಟಿದಲ್ಲಿ ಜಾರುತ್ತದೆ. ಮರಳೇ ಬೇಕಿದ್ದರೆ ಉತ್ತರದ ಮೆಲ್ಲೀಹಾಕ್ಕೆ ಬಸ್ಸಿದೆ.