ಅರ್ಥಿಂಗ್ ಬಾಕ್ಸ್: ಮಳೆಗಾಲದಲ್ಲಿ ತಂಬೂರಿ, ಬೇಸಿಗೆಯಲ್ಲಿ ಮತ್ತೆ ಗುಂಯ್

ಆಂಪ್ಲಿಫೈಯರ್‌ನಂಥ ಹಾಡಿನ ಉಪಕರಣಗಳನ್ನೆಲ್ಲ ಮನೆಯ ಅರ್ಥಿಂಗ್‌ಗೆ ಜೋಡಿಸುವ ಈ ಪೆಟ್ಟಿಗೆ ತಗೊಂಡಿದ್ದು ಒಂದೇ ಕಾರಣಕ್ಕೆ. ಹಾಡು ಶುರುವಾಗುವ ಮುಂಚೆ ನನ್ನ ಸ್ಪೀಕರ್‌ಗಳಲ್ಲಿ ಸಣ್ಣಗೆ ಗುಂಯ್ ಅಂತ ಸದ್ದು ಬರುತ್ತಿತ್ತು. ಸಿನಿಮಾ ಹಾಡಿಗೆ ಅದರಿಂದ ತೊಂದರೆಯಿಲ್ಲ, ಡ್ರಮ್ ಬಿದ್ದರೆ ಮುಚ್ಚಿಹೋಗುತ್ತೆ. ಆದರೆ ನಾನು ಜಾಸ್ತಿ ಕೇಳುವುದು ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯ ಹಿಂದೂಸ್ತಾನಿ ಗಾಯಕರನ್ನು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಅಲ್ಲಿ ಎಲ್ಲಕ್ಕೂ ಕೆಳಗೆ ತಂಬೂರಿ ಇರುತ್ತೆ. ಅದರ ಜಾಗದಲ್ಲಿ ಕರೆಂಟು ಕೂತುಬಿಟ್ಟರೆ ಕೇಳುವುದಾದರೂ ಏನನ್ನು?

ಇದು ಬರೀ ಕಿರಿಕಿರಿ ಅಲ್ಲ, ಶ್ರುತಿಯ ವಿಷಯ. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಸ್ಪೀಕರ್‌ಗೆ ಅದು ನುಸುಳಿದರೆ 50ರ ಜೊತೆಗೆ 100, 150 ಹರ್ಟ್ಸ್ ಕೂಡ ಕೇಳುತ್ತೆ. ಈಗ ಹಾರ್ಮೋನಿಯಂನ ಬಿಳಿ ಒಂದಕ್ಕೆ ಷಡ್ಜ (ಸ) ಇಟ್ಟುಕೊಂಡವರ ತಂಬೂರಿ ತಗೊಳ್ಳಿ. ಅದರ ಪಂಚಮದ (ಪ) ತಂತಿ ಸುಮಾರು 98 ಹರ್ಟ್ಸ್. 98ರ ಪಕ್ಕ 100 ಬಂದು ನಿಂತರೆ ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ಅಲೆಯುತ್ತವೆ. ಶ್ರುತಿ ಸರಿಯಾಗಿ ಸೇರದ ತಂಬೂರಿ ಅನ್ನಿಸುತ್ತೆ. ತಂಬೂರಿ ಮಿಡಿದವರು ಕಿವಿಗೊಟ್ಟು ಸೇರಿಸಿದ ಶ್ರುತಿಯನ್ನು ನನ್ನ ಮನೆಯ ವೈರು ಕೆಡಿಸುವುದು ನನಗೆ ಸಹಿಸಲಾಗಲಿಲ್ಲ.

ಪೆಟ್ಟಿಗೆಗೆ ನಾನು ಕೊಟ್ಟಿದ್ದು 14,500 ರೂಪಾಯಿ. ನನ್ನ ಆಂಪ್ಲಿಫೈಯರ್ ಸೆಕೆಂಡ್‌ಹ್ಯಾಂಡ್‌ನಲ್ಲಿ 22,000ಕ್ಕೆ ಬಂದಿದ್ದು. ಹಾಗಾಗಿ ನನ್ನ ಮಟ್ಟಿಗೆ ಇದು ಸಣ್ಣ ಖರ್ಚಲ್ಲ. ಹಿಂದುಗಡೆ ಪಿತ್ತಾಳೆಯ ಸ್ಕ್ರೂಗಳಿವೆ. ಒಂದು ಸ್ಕ್ರೂನಿಂದ ಮೂರು ಪಿನ್ನಿನ ಪ್ಲಗ್‌ಗೆ ವೈರು ಹೋಗುತ್ತೆ, ಅದರಲ್ಲಿ ಅರ್ಥಿಂಗ್ ಪಿನ್ ಮಾತ್ರ ಜೋಡಣೆಯಾಗಿರುತ್ತೆ. ಉಳಿದವುಗಳಿಂದ ಒಂದೊಂದು ವೈರು ಆಂಪ್ಲಿಫೈಯರ್‌ಗೆ, ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡುವ ಉಪಕರಣ), ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್‌ನ ಫೋನೋ ಸ್ಟೇಜ್‌ಗೆ (ಅದರ ಸಣ್ಣ ಸಿಗ್ನಲ್ ಹಿಗ್ಗಿಸುವ ಉಪಕರಣ). ಒಳಗೆ ಖನಿಜಗಳ ವಿಶೇಷ ಮಿಶ್ರಣ ತುಂಬಿದ್ದೇವೆ ಅಂತ ಕಂಪನಿ ಹೇಳುತ್ತೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಾಕಿದ ದಿನವೇ ಫರಕು ಗೊತ್ತಾಯಿತು. ಡ್ಯಾಕ್ ಮತ್ತು ಫೋನೋ ಸ್ಟೇಜ್ ಎರಡಕ್ಕೂ ಎರಡು ಪಿನ್ನಿನ ಅಡಾಪ್ಟರ್, ಅರ್ಥಿಂಗ್ ಪಿನ್ ಇಲ್ಲ. ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಅದರ ಲೋಹದ ಮೈ ಸವರಿದರೆ ಬೆರಳು ಜುಮ್ ಅನ್ನುತ್ತಲ್ಲ, ಇಲ್ಲೂ ಅದೇ. ಅಡಾಪ್ಟರ್ ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಸ್ವಲ್ಪ ಕರೆಂಟು ಈಚೆ ಸೋರುತ್ತೆ. ಅರ್ಥಿಂಗ್ ಇಲ್ಲದಿದ್ದರೆ ಅದು ಹಾಡಿನ ಕೇಬಲ್ ಹಿಡಿದುಕೊಂಡೇ ದಾರಿ ಹುಡುಕುತ್ತೆ. ಟರ್ನ್‌ಟೇಬಲ್‌ನ ಮುಳ್ಳಿನಿಂದ ಹೊರಡುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಫೋನೋ ಸ್ಟೇಜ್ ಅದನ್ನು ಹೆಚ್ಚುಕಡಿಮೆ ನೂರು ಪಟ್ಟು ಹಿಗ್ಗಿಸುತ್ತೆ, ಜೊತೆಗೆ ಬಂದ ಗುಂಯ್ ಸದ್ದೂ ಹಿಗ್ಗುತ್ತೆ. ಪೆಟ್ಟಿಗೆ ಬಂದ ಮೇಲೆ ಆ ಸೋರಿಕೆಗೆ ಬೇರೆ ದಾರಿ ಸಿಕ್ಕಿತು. ಬೆರಳಿನ ಜುಮ್ ಹೋಯಿತು, ಸದ್ದೂ ಹೋಯಿತು.

ಆ ಮಳೆಗಾಲ ನನಗೆ ಹಬ್ಬ. ಸಂಜೆ ಕೆಲಸದಿಂದ ಬಂದು ಮುಖ ತೊಳೆದು, ಆಂಪ್ಲಿಫೈಯರ್ ಹಚ್ಚಿ, ಚಹಾ ಕುಡಿಯುವಷ್ಟು ಹೊತ್ತು ಅದನ್ನು ಬೆಚ್ಚಗಾಗಲು ಬಿಡುತ್ತಿದ್ದೆ. ರೆಕಾರ್ಡ್ ತಿರುಗುತ್ತಿರುವಾಗಲೇ ಮೆತ್ತನೆ ಬ್ರಷ್ ಹಿಡಿದು ಧೂಳು ತೆಗೆಯುವುದು, ಮುಳ್ಳು ಇಳಿಸುವುದು, ಹಿಂದೆ ಸರಿದು ಕೂರುವುದು. ಮೊದಲು ಎರಡು ಚಟಪಟ, ಆಮೇಲೆ ತಂಬೂರಿ. ಖರ್ಜದ (ಕೆಳಗಿನ ಷಡ್ಜದ) ತಂತಿ ಮಿಡಿದ ಮೇಲೆ ಅದರ ನಾದ ಒಳಗೊಳಗೇ ಅರಳುತ್ತಾ ಹೋಗುವುದು, ಮುಂದಿನ ತಂತಿ ಬರುವವರೆಗೂ ಅದು ಆರದೆ ಇರುವುದು, ಇದೆಲ್ಲ ನನ್ನದೇ ಹಳೇ ರೆಕಾರ್ಡ್‌ಗಳಲ್ಲಿತ್ತು. ನನಗೆ ಕೇಳಿರಲಿಲ್ಲ ಅಷ್ಟೇ. ಗಾಯಕರು ಷಡ್ಜ ಹಚ್ಚುವ ಮುಂಚೆ ಉಸಿರು ತಗೊಳ್ಳುವುದೂ ಕೇಳಿತು.

ಮಾರ್ಚ್ ಬಂತು, ಗುಂಯ್ ವಾಪಸ್ ಬಂತು. ಏಪ್ರಿಲ್‌ನಲ್ಲಿ ಮೊದಲಿಗಿಂತ ಜಾಸ್ತಿ. ವೈರುಗಳನ್ನೆಲ್ಲ ಬಿಚ್ಚಿ ಹಾಕಿದೆ, ಸ್ಕ್ರೂ ಬಿಗಿ ಮಾಡಿದೆ, ಏನೂ ಆಗಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ ಇನ್ನೂ ದೊಡ್ಡ ಮಾಡೆಲ್ ತಗೊಳ್ಳಿ ಅಂದರು. ನಿಮ್ಮ ಮನೆಯ ಅರ್ಥಿಂಗ್ ಹೇಗಿದೆ ಅಂತ ಒಂದು ಮಾತೂ ಕೇಳಲಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ.

ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದರು. ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ಮಧ್ಯೆ ಒಂದೆರಡು ವೋಲ್ಟ್ ಇರಬೇಕಾದಲ್ಲಿ 38 ವೋಲ್ಟ್ ತೋರಿಸಿತು. ಹಿತ್ತಲಿಗೆ ಹೋಗಿ ಅರ್ಥಿಂಗ್ ಪೈಪು ಹೂತ ಗುಂಡಿ ನೋಡಿ, "ನೆಲ ಬಾಯಿ ಬಿಟ್ಟೈತ್ರಿ ಸರ್, ಪೈಪಿಗೆ ಮಣ್ಣು ಹತ್ತೇ ಇಲ್ಲ" ಅಂದರು. ನಮ್ಮ ಮನೆ ಹುಬ್ಬಳ್ಳಿಯ ಕುಸುಗಲ್ ರಸ್ತೆ ಕಡೆ, ಇಲ್ಲಿ ಪೂರಾ ಎರಿ (ಕಪ್ಪು) ಮಣ್ಣು. ಹಸಿ ಇದ್ದಾಗ ಅರ್ಥಿಂಗ್‌ಗೆ ಇದರಷ್ಟು ಒಳ್ಳೆ ಮಣ್ಣು ಇಲ್ಲ, ನೀರು ಹಿಡಿದಿಟ್ಟುಕೊಳ್ಳುತ್ತೆ. ಒಣಗಿದರೆ ಕುಗ್ಗಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತೆ. ಆಗ ಫ್ರಿಡ್ಜು, ವಾಷಿಂಗ್ ಮಷೀನು, ಅಡಾಪ್ಟರ್‌ಗಳಿಂದ ಸೋರಿದ್ದಕ್ಕೆಲ್ಲ ನೆಲಕ್ಕೆ ಇಳಿಯಲು ದಾರಿಯೇ ಇಲ್ಲ. ಅದು ನನ್ನ ಪೆಟ್ಟಿಗೆ, ಆಂಪ್ಲಿಫೈಯರ್ ದಾಟಿ ಟಿವಿ ಕೇಬಲ್‌ನ ಹೊರ ಜಾಲರಿ ಹಿಡಿದು ಕಂಬದ ಕಡೆ ಹೊರಟಿತ್ತು. ಕೇಬಲ್ ಕಿತ್ತರೆ ಗುಂಯ್ ನಿಲ್ಲುತ್ತಿತ್ತು.

ಗುಂಡಿಗೆ ಹೊಸದಾಗಿ ಇದ್ದಿಲು, ಉಪ್ಪು ತುಂಬಿಸಿ, ತುಕ್ಕು ಹಿಡಿದ ಕ್ಲ್ಯಾಂಪ್ ಬದಲಿಸಿ, ಬಕೆಟ್‌ಗಟ್ಟಲೆ ನೀರು ಹೊಯ್ದೆವು. ಮೀಟರ್ 2 ವೋಲ್ಟ್‌ಗೆ ಇಳಿಯಿತು. ಸಾಮಾನು, ಕೂಲಿ ಸೇರಿ 2,800 ರೂಪಾಯಿ. ಈಗ ಬೇಸಿಗೆಯಲ್ಲಿ ಚಹಾಕ್ಕೆ ಮುಂಚೆ ಎರಡು ಕೊಡ ನೀರು ಗುಂಡಿಗೆ. ಧಾರವಾಡದ ಕೆಂಪು ಮಣ್ಣಿನಲ್ಲಿ ಮನೆ ಇರುವ ಗೆಳೆಯನಿಗೆ ಈ ಬಿರುಕಿನ ಕಾಟ ಇಲ್ಲ.

ಇನ್ನು ಆ ಖನಿಜದ ಮಾತು. ಮಗಳಿಗೆ ಕಪಾಟಿನ ಹಿಂದೆ ನಿಲ್ಲಲು ಹೇಳಿದೆ. ಒಮ್ಮೆ ಪೆಟ್ಟಿಗೆ, ಒಮ್ಮೆ ಅದೇ ಜೋಡಣೆಗೆ ಸಾದಾ ತಾಮ್ರದ ವೈರು. "ಅಪ್ಪಾಜಿ, ಈಗ ಯಾವ್ದು ಹಚ್ಚೇನಿ ಹೇಳ್ರಿ" ಅಂತ ಕೇಳುತ್ತಾ ಹೋದಳು. ನನಗೆ ಫರಕು ಸಿಗಲಿಲ್ಲ, ಅವಳಿಗೂ ಸಿಗಲಿಲ್ಲ. ಪ್ಲಗ್ ಕಿತ್ತು ಅರ್ಥಿಂಗ್ ತಪ್ಪಿಸಿ, ಉಪಕರಣಗಳ ವೈರುಗಳನ್ನು ಬರೀ ಪೆಟ್ಟಿಗೆಗೆ ಜೋಡಿಸಿದಾಗ ಬೆರಳು ಮತ್ತೆ ಜುಮ್ ಅಂದಿತು. ಕರೆಂಟಿಗೆ ಹೋಗಿ ಸೇರುವ ದಾರಿ ಬೇಕು, ಮಿಶ್ರಣ ತುಂಬಿದ ಡಬ್ಬಿ ಅದನ್ನು ನುಂಗುವುದಿಲ್ಲ. ಈ ಪೆಟ್ಟಿಗೆ ಮಾಡುವ ಕೆಲಸ ಒಂದೇ, ಎಲ್ಲವನ್ನೂ ಒಂದು ಜಾಗದಲ್ಲಿ ಕೂಡಿಸಿ ಅರ್ಥಿಂಗ್‌ಗೆ ಒಯ್ಯುವುದು. ಅದನ್ನು ಅಚ್ಚುಕಟ್ಟಾಗಿ ಮಾಡುತ್ತೆ. ಸ್ಕ್ರೂ ಗಟ್ಟಿ, ವೈರು ಒಳ್ಳೆಯದು, ಇಷ್ಟು ದಿನದಲ್ಲಿ ಒಂದೂ ಸಡಿಲಾಗಿಲ್ಲ. ಅದಕ್ಕೆ 14,500 ಜಾಸ್ತಿಯೇ. ನಾನಂತೂ ತೆಗೆದಿಲ್ಲ, ತೆಗೆಯುವುದೂ ಇಲ್ಲ.

ನಿಮ್ಮ ಮನೆಯಲ್ಲೂ ಗುಂಯ್ ಇದ್ದರೆ ಮೊದಲು ಟಿವಿ ಕೇಬಲ್ ಕಿತ್ತು ನೋಡಿ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಗುಂಡಿ ನೋಡಿಸಿ. ಅಷ್ಟಾದ ಮೇಲೂ ಸದ್ದು ಉಳಿದರೆ ಪೆಟ್ಟಿಗೆಯ ಯೋಚನೆ ಮಾಡಿ. ಆಂಪ್ಲಿಫೈಯರ್ ಪ್ಲಗ್‌ನ ಮೂರನೇ ಪಿನ್ ಮುರಿದರೆ ಗುಂಯ್ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸದ್ದು ನಿಲ್ಲಬಹುದು, ಆದರೆ ಒಳಗೆ ಏನಾದರೂ ಶಾರ್ಟ್ ಆದ ದಿನ ಆಂಪ್ಲಿಫೈಯರ್‌ನ ಮೈಗೆ ಪೂರಾ 230 ವೋಲ್ಟ್ ಬರುತ್ತೆ. ಮನೆಯಲ್ಲಿ ಮಕ್ಕಳಿರುತ್ತಾರೆ.