ಹೊಸ ಜೆಲ್ ಕೋಟ್‌ಗೆ ವಾಟರ್ ಪೇಪರ್: ಕೆಲವು ವರ್ಷ ಉಜ್ಜಿದ ಮೇಲೆ

ಕಪ್ಪು ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಸಿಲಿಕಾನ್ ಕಾರ್ಬೈಡ್ ಹಾಳೆ, ಜೊತೆಗೆ ಒಂದು ಗಟ್ಟಿ ರಬ್ಬರ್ ಬ್ಲಾಕ್. ಫೈಬರ್ ದೋಣಿಗಳ ಹೊಸ ಜೆಲ್ ಕೋಟನ್ನು, ಅಂದರೆ ಮೇಲಿನ ಬಣ್ಣದ ರೆಸಿನ್ ಪದರವನ್ನು, ನಯ ಮಾಡಲು ಕೆಲವು ವರ್ಷಗಳಿಂದ ಇವೆರಡನ್ನೇ ನೆಚ್ಚಿಕೊಂಡಿದ್ದೇನೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಈ ಪೇಪರ್ ಬಗ್ಗೆ ಜಾಸ್ತಿ ಕೇಳಿಬರುವ ದೂರು ಒಂದೇ: ನಾಲ್ಕು ಸಲ ಎಳೆಯುವಷ್ಟರಲ್ಲಿ ತುಂಬಿಕೊಂಡು ಜಾರುತ್ತದೆ ಅಂತ. ತಪ್ಪು ಪೇಪರಿನದಲ್ಲ, ವ್ಯಾಕ್ಸಿನದು. ಗಾಳಿ ತಾಗುವ ಕಡೆ ಪಾಲಿಯೆಸ್ಟರ್ ಜೆಲ್ ಕೋಟ್ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಅದಕ್ಕೇ ಕೊನೆಯ ಕೋಟ್‌ಗೆ ವ್ಯಾಕ್ಸ್ ಬೆರೆಸುತ್ತಾರೆ. ಅದು ಮೇಲಕ್ಕೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ. ಉಜ್ಜುವ ಮೊದಲು ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಅದನ್ನು ಒರೆಸಿ ತೆಗೆಯಬೇಕು. ಬಟ್ಟೆ ಆಗಾಗ ಬದಲಿಸಿ, ಇಲ್ಲದಿದ್ದರೆ ವ್ಯಾಕ್ಸ್ ಸುಮ್ನೆ ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ ಅಷ್ಟೇ. ವ್ಯಾಕ್ಸ್ ಬದಲು ಪಿವಿಎ, ಅಂದರೆ ನೀರಲ್ಲಿ ಕರಗುವ ಪ್ಲಾಸ್ಟಿಕ್ ಪದರ, ಸ್ಪ್ರೇ ಮಾಡಿದ್ದರೆ ಬರೀ ನೀರು ಸಾಕು, ತೊಳೆದರೆ ಹೋಗುತ್ತದೆ.

ಇನ್ನು ಉಜ್ಜುವ ವಿಷಯ. ಬ್ರಷ್‌ನ ಗೆರೆ, ಸ್ಪ್ರೇ ಬಿಟ್ಟ ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗು, ಇವನ್ನು ಸಮ ಮಾಡುವುದು ಮೊದಲ ಪೇಪರ್ ಒಂದೇ. ನಾನು 320 ನಂಬರಿನಿಂದ ಶುರು ಮಾಡುತ್ತೇನೆ, ತೀರಾ ಒರಟಾಗಿದ್ದರೆ 220. ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಮುಂದಿನ ಪೇಪರ್‌ಗಳೆಲ್ಲ ಹಿಂದಿನದರ ಗೀರು ತೆಗೆಯುತ್ತವೆ, ಮಟ್ಟ ಮಾಡುವುದಿಲ್ಲ. ಇಲ್ಲಿ ಅವಸರ ಮಾಡಿದರೆ 1000ದಲ್ಲಿ ಎಷ್ಟು ಉಜ್ಜಿದರೂ ಅಲೆಅಲೆಯಾದ ಹೊಳಪೇ ಗತಿ.

ಮಟ್ಟ ಆಯಿತೋ ಇಲ್ಲವೋ ಒದ್ದೆಯಲ್ಲಿ ಗೊತ್ತಾಗುವುದಿಲ್ಲ. ನೀರು ನಿಂತಾಗ ಎಲ್ಲವೂ ಹೊಳೆಯುತ್ತದೆ, ಅಲ್ವಾ? ರಬ್ಬರ್ ಪಟ್ಟಿಯಿಂದ ನೀರನ್ನು ಎಳೆದುಹಾಕಿ, ಬೆಳಕಿಗೆ ಓರೆಯಾಗಿ ನೋಡಿ. ಉಜ್ಜಿದ ಜಾಗ ಮಂಕಾಗಿರುತ್ತದೆ. ಅದರ ನಡುವೆ ಸಾಸಿವೆಗಿಂತ ಚಿಕ್ಕ ಹೊಳೆಯುವ ಚುಕ್ಕೆಗಳು ಕಂಡರೆ ಅವೇ ತಗ್ಗುಗಳು, ಪೇಪರ್ ಅಲ್ಲಿಗೆ ಇನ್ನೂ ಇಳಿದಿಲ್ಲ. ಚುಕ್ಕೆಗಳು ಮಾಯವಾಗುವವರೆಗೂ ಉಜ್ಜಬೇಕು. ಆದರೆ ಜೆಲ್ ಕೋಟ್‌ನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಕೆಳಗಿನ ಬಣ್ಣ ನೆರಳಿನಂತೆ ಕಾಣತೊಡಗಿದರೆ ಅಲ್ಲಿಗೇ ಕೈ ನಿಲ್ಲಿಸಿ. ಉಳಿದ ತಗ್ಗಿಗೆ ಮತ್ತೆ ಜೆಲ್ ಕೋಟ್ ತುಂಬಬೇಕೇ ಹೊರತು ಸುತ್ತಲಿನದನ್ನು ಸವೆಸಬಾರದು.

ಬ್ಲಾಕ್ ಇಲ್ಲದೆ ಬರೀ ಕೈಯಲ್ಲಿ ಉಜ್ಜುವವರನ್ನು ನೋಡಿದರೆ ನನಗೆ ಸಂಕಟ. ಬೆರಳು ಒತ್ತಿದ ಕಡೆಯೆಲ್ಲ ಕಾಲುವೆ ಬೀಳುತ್ತದೆ. ಬಾಗಿದ ಭಾಗಕ್ಕೆ ಮೆತ್ತನೆಯ ಫೋಮ್ ಪ್ಯಾಡ್ ಸರಿ. ಅಂಚುಗಳಲ್ಲಿ ಪದರ ಬೇಗ ಸವೆಯುತ್ತದೆ, ಅಲ್ಲಿ ಕೈ ಹಗುರವಾಗಿರಲಿ.

ನಂತರ 400, 600, 800, 1000. ಪ್ರತಿ ಸಲ ದಿಕ್ಕು ಬದಲಿಸಿ ಅಡ್ಡ ಉಜ್ಜಿದರೆ ಹಳೆಯ ಗೀರು ಹೋಯಿತೇ ಅಂತ ತಕ್ಷಣ ತಿಳಿಯುತ್ತದೆ. ಬಕೆಟ್ ನೀರನ್ನೂ ಬದಲಿಸಿ, ಒಂದು ತೊಟ್ಟು ಪಾತ್ರೆ ಸೋಪು ಹಾಕಿ. ಹಿಂದಿನ ಪೇಪರಿನ ಒಂದೇ ಒಂದು ಕಣ ಉಳಿದಿದ್ದರೂ ಉದ್ದ ಗೀರು ಎಳೆಯುತ್ತದೆ.

ವಾಟರ್ ಪೇಪರ್ ಹೊಸದೇನಲ್ಲ. 3ಎಂ ಕಂಪನಿ 1921ರಲ್ಲೇ ಇದನ್ನು ಮಾರುಕಟ್ಟೆಗೆ ತಂದಿತ್ತು. ಒಣ ಉಜ್ಜುವಿಕೆಯ ಧೂಳು ತಪ್ಪುವುದೇ ಇದರ ದೊಡ್ಡ ಲಾಭ. ದೊಡ್ಡ ದೋಣಿಯಾದರೆ ಮೊದಲ ಹಂತಕ್ಕೆ ಮೆಷಿನ್ ಬೇಕೇ ಬೇಕು, ಆಗ ಒಳ್ಳೆಯ ಮಾಸ್ಕ್ ಬಿಡಬೇಡಿ. ಕರೆಂಟ್ ಮೆಷಿನ್ ಹಿಡಿದು ನೀರು ಹಾಕಿ ಉಜ್ಜುವ ಸಾಹಸವಂತೂ ಬೇಡ.

ಕೊಳ್ಳುವಾಗ ನಂಬರಿಗೆ ಮೊದಲು ಪಿ ಅಕ್ಷರ ಇದೆಯಾ ನೋಡಿ. ಪಿ ಇರುವುದು ಯುರೋಪಿನ ಅಳತೆ. ಪಿ1200 ಅಮೆರಿಕದ ಹಳೆಯ ಅಳತೆಯಲ್ಲಿ ಹೆಚ್ಚುಕಡಿಮೆ 600. ಎರಡನ್ನೂ ಬೆರೆಸಿದರೆ ಮುಂದಿನ ಹಂತಕ್ಕೆ ಹೋದೆವು ಅಂದುಕೊಂಡು ಹಿಂದಕ್ಕೆ ಬಂದಿರುತ್ತೇವೆ. ಈ ಬರಹದ ನಂಬರುಗಳೆಲ್ಲ ಪಿ ಲೆಕ್ಕದವು.

ಒಂದು ಅಂಕ ಕಳೆದದ್ದು ಹಿಂಬದಿಯ ಕಾಗದಕ್ಕೆ. ಅಗ್ಗದ ಹಾಳೆ ಒದ್ದೆಯಾದರೆ ಮಡಿಕೆಯಲ್ಲಿ ಸೀಳುತ್ತದೆ. ಲೇಟೆಕ್ಸ್ ಹಿಂಬದಿಯದು ಬಾಳಿಕೆ ಬರುತ್ತದೆ. ಎಲ್ಲ ನಂಬರೂ ಸಮನಾಗಿರುವ ಮಿಶ್ರ ಪ್ಯಾಕ್ ಕೊಳ್ಳಬೇಡಿ, 320 ಮೊದಲು ಮುಗಿದು 1500 ಹಾಗೇ ಬಿದ್ದಿರುತ್ತದೆ. ಬಿಳಿ ದೋಣಿಗೆ 1000 ಆದ ಮೇಲೆ ಹೊಳಪು ಬರಿಸುವ ರಬ್ಬಿಂಗ್ ಕಾಂಪೌಂಡ್ ಹಾಕಿದರೆ ನಡೆಯುತ್ತದೆ. ಗೀರು ಎದ್ದು ಕಾಣುವ ಕಡುನೀಲಿ, ಕಪ್ಪು ಬಣ್ಣಕ್ಕೆ ಮಾತ್ರ 1500 ತಂದಿಟ್ಟುಕೊಳ್ಳಿ.