ದಿಶಾಂಕ್ ಆ್ಯಪ್: ನಗರ ಯೋಜನೆಯಲ್ಲಿ ನಿವಾಸಿಗಳ ದನಿಗೆ ಅದು ಎಷ್ಟು ಬಲ ಕೊಟ್ಟಿದೆ? ದೀರ್ಘಕಾಲದ ಬಳಕೆದಾರರ ವಿಮರ್ಶೆ

ದಿಶಾಂಕ್ ಆ್ಯಪ್ ಎಂದರೆ ನಿವೇಶನ ಕೊಳ್ಳುವವರು ಜಾಗದ ಮೇಲೆ ನಿಂತು ಸರ್ವೆ ನಂಬರ್ ನೋಡಿಕೊಳ್ಳುವ ಸಾಧನ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳನ್ನು ಆಧರಿಸಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಇದನ್ನು ರೂಪಿಸಿದ್ದು, 2018ರಲ್ಲಿ ಸಾರ್ವಜನಿಕರ ಕೈಗೆ ಬಂತು. ನಾನು ಬಳಸುತ್ತ ಬಂದಿರುವುದು ಬೇರೆ ಕೆಲಸಕ್ಕೆ. ಬೆಂಗಳೂರಿನ ಪೂರ್ವ ಭಾಗದ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿದ್ದುಕೊಂಡು, ವಾರ್ಡ್ ಸಭೆಗಳಲ್ಲಿ ವಿಷಯ ಮಂಡಿಸಲು, ಕಾಲುವೆ ಮತ್ತು ಕೆರೆಯಂಗಳದ ಬಗ್ಗೆ ಅರ್ಜಿ ಬರೆಯಲು, ಯೋಜನೆಗಳಿಗೆ ಆಕ್ಷೇಪಣೆ ಸಲ್ಲಿಸಲು ಇದನ್ನೇ ನೆಚ್ಚಿಕೊಂಡಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ನಾಗರಿಕರ ಸಹಭಾಗಿತ್ವಕ್ಕೆಂದು ಇದನ್ನು ರೂಪಿಸಿಲ್ಲವಾದರೂ, ಆ ಹೆಸರಿನಲ್ಲಿ ಬಂದ ಅನೇಕ ಸಾಧನಗಳಿಗಿಂತ ಹೆಚ್ಚಿನ ಉಪಕಾರ ಇದರಿಂದ ಆಗಿದೆ, ಏಕೆಂದರೆ ಅಧಿಕಾರಿಯ ಮೇಜಿನ ಮೇಲಿರುವ ನಕ್ಷೆಯನ್ನೇ ಇದು ನಿವಾಸಿಯ ಕೈಗೂ ಕೊಡುತ್ತದೆ.

ಬಳಕೆ ಸುಲಭವಾಗಿದೆ. ನಾವು ನಿಂತ ಜಾಗವನ್ನು ಜಿಪಿಎಸ್ ಗುರುತಿಸಿದ ಕೂಡಲೇ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರ್ ಪರದೆಯ ಮೇಲೆ ಬರುತ್ತವೆ. ಉಪಗ್ರಹ ಚಿತ್ರದ ಮೇಲೆ ಹಳೆಯ ಗ್ರಾಮ ನಕ್ಷೆಯ ಗಡಿಗೆರೆಗಳು ಕಾಣುತ್ತವೆ. ದೂರವನ್ನೂ ವಿಸ್ತೀರ್ಣವನ್ನೂ ಅಳೆಯುವ ಸಲಕರಣೆ ಇದೆ. ಹಿಸ್ಸಾ, ಅಂದರೆ ಆ ಸರ್ವೆ ನಂಬರಿನ ಉಪವಿಭಾಗವನ್ನು ಆಯ್ದುಕೊಂಡರೆ ಭೂಮಾಲೀಕರ ವಿವರವನ್ನೂ ನೋಡಬಹುದು. ಹಣ ಕೊಡಬೇಕಾಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ, ನಕಲಿಗಾಗಿ ಕಾದು, ಕೈಗೆ ಬಂದ ಮಸುಕು ಪ್ರತಿಯಲ್ಲಿ ನಮ್ಮ ಬೀದಿ ಎಲ್ಲಿದೆಯೆಂದು ಹುಡುಕಬೇಕಾಗಿದ್ದ ಕಾಲವನ್ನು ಕಂಡವರಿಗೆ ಇದು ಎಂಥ ಬದಲಾವಣೆ ಎಂಬುದು ಅರ್ಥವಾಗುತ್ತದೆ.

ಈ ನಕ್ಷೆ ಜನರ ಕೈಯಲ್ಲಿ ಇಲ್ಲದಿದ್ದಾಗ ಏನಾಯಿತೆಂಬುದನ್ನು ಬೆಂಗಳೂರು ಕಂಡಿದೆ. 2016ರ ಆಗಸ್ಟ್‌ನಲ್ಲಿ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆಯ ಮೇಲಿವೆ ಎಂಬ ಕಾರಣಕ್ಕೆ ಮನೆಗಳನ್ನು ಕೆಡವಿದಾಗ, ಖಾತೆ ಮಾಡಿಸಿಕೊಂಡು, ಸಾಲ ತೆಗೆದು, ತೆರಿಗೆ ಕಟ್ಟುತ್ತ ವರ್ಷಗಟ್ಟಲೆ ಅಲ್ಲಿ ಬಾಳಿದ್ದ ಕುಟುಂಬಗಳಿಗೆ ತಮ್ಮ ನೆಲದಡಿ ಕಾಲುವೆಯ ಗೆರೆ ಇದೆಯೆಂಬುದು ಜೆಸಿಬಿ ಬಂದು ನಿಂತ ಮೇಲೆ ತಿಳಿಯಿತು. ಮರುವರ್ಷ, 2017ರ ನವೆಂಬರ್‌ನಲ್ಲಿ, ನಗರದ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ 2031ರ ಪರಿಷ್ಕೃತ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾಯಿತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಪ್ರಕಾರ ಕರಡಿನ ಮೇಲೆ ಅಭಿಪ್ರಾಯ ಹೇಳಲು ಸಾರ್ವಜನಿಕರಿಗೆ 60 ದಿನಗಳ ಅವಕಾಶವಿರುತ್ತದೆ. ಸಾವಿರಾರು ಆಕ್ಷೇಪಣೆಗಳು ಬಂದವು; ಕೊನೆಗೆ 2020ರಲ್ಲಿ ಸರ್ಕಾರ ಆ ಕರಡನ್ನೇ ಕೈಬಿಟ್ಟಿತು. ಆದರೆ ಆ ದಿನಗಳಲ್ಲಿ ಎಷ್ಟೋ ಸಂಘಗಳು ‘ನಮ್ಮ ಬಡಾವಣೆಯ ಹಿಂದಿನ ಖಾಲಿ ಜಾಗ’, ‘ದೇವಸ್ಥಾನದ ಪಕ್ಕದ ರಸ್ತೆ’ ಎಂದೇ ಬರೆದು ಕೊಡಬೇಕಾಯಿತು. ಗ್ರಾಮದ ಹೆಸರೂ ಸರ್ವೆ ನಂಬರೂ ಇಲ್ಲದ ಆಕ್ಷೇಪಣೆಯನ್ನು ಪರಿಶೀಲಿಸುವವರು ಯಾವ ಹಾಳೆಯ ಮೇಲೆ ಗುರುತು ಹಾಕಬೇಕು? ದಿಶಾಂಕ್ ಆ ಎರಡು ತಿಂಗಳಲ್ಲಿ ಕೈಯಲ್ಲಿ ಇದ್ದಿದ್ದರೆ ನಗರದ ಮಾತಿಗೆ ಇನ್ನೂ ಹೆಚ್ಚು ತೂಕ ಬರುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. 2022ರ ಸೆಪ್ಟೆಂಬರ್‌ನ ಮಳೆಗೆ ಮಹದೇವಪುರದ ಬಡಾವಣೆಗಳು ಮುಳುಗಿದಾಗಲಂತೂ, ಕಾಲುವೆ ಎಲ್ಲಿ ಹರಿಯುತ್ತಿತ್ತು, ಎಲ್ಲಿ ನಿಂತುಹೋಯಿತು ಎಂದು ಜನರು ಮೊಬೈಲ್‌ನಲ್ಲೇ ನೋಡಿ ಮಾತಾಡುವ ಸ್ಥಿತಿ ಬಂದಿತ್ತು.

ಈ ಆ್ಯಪ್‌ನ ಶಕ್ತಿ ಮತ್ತು ಮಿತಿ ಎರಡೂ ಚೆನ್ನಾಗಿ ಕಾಣುವುದು ಅಳತೆಯ ವಿಷಯದಲ್ಲಿ. ಇದನ್ನು ಕೊಂಚ ವಿವರವಾಗಿಯೇ ಹೇಳಬೇಕು. 2007ರಲ್ಲಿ ಜಾರಿಗೆ ಬಂದ ಮಹಾಯೋಜನೆಯ ವಲಯ ನಿಯಮಾವಳಿಯು ಕೆರೆಯ ಸುತ್ತ 30 ಮೀಟರ್, ಪ್ರಾಥಮಿಕ ಕಾಲುವೆಗೆ 50, ದ್ವಿತೀಯ ಹಂತದ್ದಕ್ಕೆ 25, ತೃತೀಯ ಹಂತದ್ದಕ್ಕೆ 15 ಮೀಟರ್ ಮೀಸಲು ಅಂಚನ್ನು, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗವನ್ನು ವಿಧಿಸಿತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಕೆರೆಗೆ 75 ಮೀಟರ್, ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಎಂದು ಬದಲಿಸಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಬದಲಾವಣೆಯನ್ನು ರದ್ದುಪಡಿಸಿತು; ಹಳೆಯ ಅಂಕಿಗಳೇ ಮರಳಿದವು. ಪತ್ರಿಕೆಯಲ್ಲಿ ಇಂಥ ಅಂಕಿ ಓದಿದ ನಿವಾಸಿ ಈಗ ತನ್ನ ಗೇಟಿನಿಂದ ಕಾಲುವೆಯ ಗೆರೆಯವರೆಗೆ ಎಷ್ಟು ದೂರವಿದೆಯೆಂದು ತಾನೇ ಅಳೆದು ನೋಡಬಲ್ಲ, ಸುದ್ದಿ ತನಗೆ ಸಂಬಂಧಿಸಿದ್ದೋ ಅಲ್ಲವೋ ಎಂದು ತಿಳಿದುಕೊಳ್ಳಬಲ್ಲ.

ಆದರೆ ಆ ಅಳತೆಯೇ ಅಂತಿಮವಲ್ಲ. ನಮ್ಮ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7,920 ಪ್ರಮಾಣದವು. ಅಂದರೆ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್ ಆಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆಯೇ 4 ಮೀಟರ್ ಜಾಗವನ್ನು ನುಂಗುತ್ತದೆ. ಇದರ ಮೇಲೆ ಹಳೆಯ ಹಾಳೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಆಗುವ ಜರುಗು, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ತೋರುವ ಅಲುಗಾಟ ಎಲ್ಲವೂ ಸೇರುತ್ತವೆ. ಹಾಗಾಗಿ 15 ಮೀಟರಿನ ಅಂಚಿನೊಳಗೆ ಒಂದು ಕಾಂಪೌಂಡ್ ಗೋಡೆ ಬಂದಿದೆಯೇ ಇಲ್ಲವೇ ಎಂಬುದನ್ನು ಪರದೆಯ ಮೇಲೆ ತೀರ್ಮಾನಿಸಲು ಹೊರಡುವುದು ನೆರೆಹೊರೆಯವರಿಗೆ ಮಾಡುವ ಅನ್ಯಾಯವೇ ಸರಿ. ಅದಕ್ಕೆ ಟಿಪ್ಪಣಿ ಪುಸ್ತಕ (ಮೂಲ ಅಳತೆಯ ದಾಖಲೆ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಬಾಂದುಕಲ್ಲು (ಗಡಿಕಲ್ಲು), ಸ್ಥಳಕ್ಕೆ ಬಂದು ಅಳೆಯುವ ಸರ್ವೆಯರ್ ಇವೆಲ್ಲ ಬೇಕು. ಸರ್ವೆಗೆ ಅರ್ಜಿ ಹಾಕಲು ಕಾರಣವಿದೆಯೇ ಎಂಬುದನ್ನಷ್ಟೇ ದಿಶಾಂಕ್ ಹೇಳುತ್ತದೆ. ನಮ್ಮ ಸಂಘದಲ್ಲಿ ಇದನ್ನು ಕಟ್ಟುನಿಟ್ಟಿನ ನಿಯಮವನ್ನಾಗಿ ಮಾಡಿಕೊಂಡಿದ್ದೇವೆ: ಆ್ಯಪ್‌ನ ಚಿತ್ರವನ್ನು ಅರ್ಜಿಗೆ ಲಗತ್ತಿಸುತ್ತೇವೆ, ಆದರೆ ಯಾರನ್ನೂ ಒತ್ತುವರಿದಾರರೆಂದು ಕರೆಯುವುದಿಲ್ಲ, ಅಳತೆಯಾಗಲಿ ಎಂದು ಕೇಳುತ್ತೇವೆ.

ಜೊತೆಗೆ ಪಹಣಿಯ 3ನೇ ಕಾಲಂ ನೋಡುವ ಅಭ್ಯಾಸವನ್ನೂ ಎಲ್ಲರೂ ಮಾಡಿಕೊಳ್ಳಬೇಕು. ಒಟ್ಟು ವಿಸ್ತೀರ್ಣದಲ್ಲಿ ಎಷ್ಟು ‘ಬಿ’ ಖರಾಬು ಎಂಬುದು ಅಲ್ಲಿರುತ್ತದೆ. ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅದು. ಆ್ಯಪ್‌ನಿಂದ ಸರ್ವೆ ನಂಬರ್ ಸಿಕ್ಕರೆ ಪಹಣಿಯವರೆಗೆ ಹೋಗುವುದು ಕಷ್ಟವಲ್ಲ, ಮತ್ತು ಎರಡನ್ನೂ ಒಟ್ಟಿಗಿಟ್ಟು ಬರೆದ ಅರ್ಜಿಯನ್ನು ಪಕ್ಕಕ್ಕಿಡುವುದು ಯಾವ ಕಚೇರಿಗೂ ಅಷ್ಟು ಸುಲಭವಲ್ಲ.

ಮೊಬೈಲ್ ಒಂದರಿಂದಲೇ ಜನರು ಸೇರುವುದಿಲ್ಲ ಎಂಬುದನ್ನು ನಾವು ಬಹಳ ಬೇಗ ಕಂಡುಕೊಂಡೆವು. ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿತ್ರ ಹಾಕಿದರೆ ಅದೇ ನಾಲ್ಕಾರು ಮಂದಿ ಉತ್ತರಿಸುತ್ತಿದ್ದರು. ಗ್ರಾಮ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಹಾಲಿನ ಬೂತಿನ ಪಕ್ಕದ ಗೋಡೆಗೆ ಅಂಟಿಸಿದ ಮೇಲೆ, ಮತ್ತು ಭಾನುವಾರ ಬೆಳಿಗ್ಗೆ ಕಾಲುವೆಯ ಜಾಡಿನಲ್ಲೇ ಎಲ್ಲರೂ ಸೇರಿ ನಡೆಯತೊಡಗಿದ ಮೇಲೆ ಸ್ಥಿತಿ ಬದಲಾಯಿತು. ಅಂಥ ಒಂದು ನಡಿಗೆಯಲ್ಲಿ ಹಳೆಯ ಊರಿನ ಹಿರಿಯರೊಬ್ಬರು ನಮ್ಮೊಡನೆ ಬಂದಿದ್ದರು. ಆ್ಯಪ್‌ನ ಗೆರೆ ಒಂದು ಶೆಡ್ಡಿನ ಹಿಂದೆ ತಿರುಗುತ್ತಿತ್ತು. ಅವರು ಪರದೆಯತ್ತ ನೋಡಲೂ ಇಲ್ಲ. ಕೋಲು ಚಾಚಿ, ‘ಕೋಡಿ ಬಿದ್ದಾಗ ನೀರು ಇಲ್ಲಿಂದ ತಿರುಗ್ತಿತ್ತು ಕಣಪ್ಪ, ಆ ಹುಣಸೆಮರದ ಬುಡಕ್ಕೆ ಹೋಗಿ ಕೆಳಗಿನ ಕೆರೆಗೆ ಸೇರ್ತಿತ್ತು’ ಎಂದರು. ಗೆರೆಗೂ ಅವರ ಕೋಲಿಗೂ ಹತ್ತಾರು ಹೆಜ್ಜೆಗಳ ಅಂತರವಿತ್ತು, ದಿಕ್ಕು ಮಾತ್ರ ಒಂದೇ. ಆವರೆಗೆ ಅಪಾರ್ಟ್‌ಮೆಂಟಿನವರು ಮತ್ತು ಊರಿನವರು ಎಂದು ಎರಡಾಗಿ ಕೂರುತ್ತಿದ್ದ ನಮ್ಮ ಸಭೆಯಲ್ಲಿ, ಮುಂದೆ ಅವರಂಥವರು ಮುಂದಿನ ಸಾಲಿಗೆ ಬಂದರು. ತಂತ್ರಜ್ಞಾನವನ್ನು ಜನರ ನೆನಪಿನ ಜೊತೆ ಹೀಗೆ ಕೂಡಿಸಿದಾಗಲೇ ನಮ್ಮ ಅರ್ಜಿಗಳು ಗಟ್ಟಿಯಾದವು.

ಸಭೆಗಳ ಅನುಭವ ಮಿಶ್ರವಾಗಿದೆ. ವಾರ್ಡ್ ಸಮಿತಿ ತಿಂಗಳಿಗೊಮ್ಮೆ ಸೇರಬೇಕೆಂಬ ನಿಯಮವಿದ್ದರೂ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಸಭೆಯ ಗತಿ ಆಯಾ ಅಧಿಕಾರಿಯ ಆಸಕ್ತಿಯನ್ನು ಅವಲಂಬಿಸಿತು. ‘ಅಲ್ಲಿ ಕಾಲುವೆಯೇ ಇಲ್ಲ’ ಎಂದು ಒಂದೇ ಮಾತಿನಲ್ಲಿ ಚರ್ಚೆ ಮುಗಿಸುತ್ತಿದ್ದವರೆದುರು ಸರ್ವೆ ನಂಬರ್ ಸಹಿತ ಚಿತ್ರ ಇಟ್ಟಾಗ, ‘ಜಂಟಿ ಸ್ಥಳ ಪರಿಶೀಲನೆ ಮಾಡೋಣ’ ಎಂಬ ಉತ್ತರ ಬಂದದ್ದುಂಟು. ಪರಿಶೀಲನೆ ನಡೆದು ಹೂಳು ತೆಗೆದದ್ದೂ ಉಂಟು, ದಿನಾಂಕವೇ ಗೊತ್ತಾಗದೆ ಉಳಿದ ಕಡತಗಳೂ ಉಂಟು.

ಉಳಿದ ಕೊರತೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಬಡಾವಣೆಯ ಸೈಟ್ ನಂಬರ್ ಇದರಲ್ಲಿ ಸಿಗುವುದಿಲ್ಲ. ಹಳೆಯ ಸರ್ವೆ ನಂಬರನ್ನು ತಿಳಿದುಕೊಂಡು ನಮ್ಮ ಬಡಾವಣೆಯ ನಕ್ಷೆಗೆ ನಾವೇ ಜೋಡಿಸಿಕೊಳ್ಳಬೇಕು. ಗ್ರಾಮಠಾಣದೊಳಗಿನ, ಅಂದರೆ ಹಳೆಯ ಊರಿನ ವಸತಿ ಜಾಗದ ಮನೆಗಳವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಆದರೆ ನಗರ ಬೆಳೆದಂತೆ ಅತಿ ಹೆಚ್ಚು ಒತ್ತಡಕ್ಕೆ ಸಿಕ್ಕಿರುವವರು ಅವರೇ. ಭೂಮಾಲೀಕರ ಹೆಸರು ಯಾರಿಗೆ ಬೇಕಾದರೂ ಕಾಣುವುದರಿಂದ, ಒಂಟಿ ವೃದ್ಧರ ಜಮೀನಿನ ಮೇಲೆ ಕಣ್ಣಿಟ್ಟವರಿಗೂ ಕೆಲಸ ಸುಲಭವಾಗುತ್ತದೆ ಎಂಬ ಆತಂಕ ನನಗಿದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ, ಈ ನಕ್ಷೆ ತೋರಿಸುತ್ತದೆ, ಆದರೆ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ತಪ್ಪು ಕಂಡ ಜಾಗದಲ್ಲಿ ಗುರುತು ಹಾಕಿ, ಫೋಟೊ ಸೇರಿಸಿ, ಅರ್ಜಿ ಸಂಖ್ಯೆ ಪಡೆದು, ಅದು ಯಾರ ಮೇಜಿನ ಮೇಲಿದೆಯೆಂದು ನೋಡುವ ದಾರಿ ಬೇಕು. ಅದಕ್ಕಾಗಿ ಈಗ ಬೇರೆ ಆ್ಯಪ್, ಬೇರೆ ಕಚೇರಿ ಹುಡುಕಬೇಕಾಗಿದೆ. ಅಲ್ಲಿ ಗುಂಡಿ, ಕಸ, ಬೀದಿದೀಪಕ್ಕೆ ಜಾಗವಿರುತ್ತದೆಯೇ ಹೊರತು ಭೂಬಳಕೆಯ ಪ್ರಶ್ನೆಗೆ ಇರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವ ಈ ಹೊತ್ತಿನಲ್ಲಿ, 2007ರ ಯೋಜನೆಯ ಜಾಗಕ್ಕೆ ಹೊಸ ಮಹಾಯೋಜನೆಯ ಕರಡು ಬರಲೇಬೇಕು. ಅದು ಬರುವ ದಿನ, ಸಾವಿರ ಪುಟಗಳ ಪಿಡಿಎಫ್ ಕಡತದ ಜೊತೆಗೆ, ಕರಡಿನ ಭೂಬಳಕೆಯ ಬಣ್ಣಗಳನ್ನು ದಿಶಾಂಕ್‌ನ ಸರ್ವೆ ಗೆರೆಗಳ ಮೇಲೆ ಒಂದು ಪದರವಾಗಿ, ಕನ್ನಡದ ವಿವರಣೆಯೊಂದಿಗೆ ತೋರಿಸಬೇಕು. ಆಯಾ ಸರ್ವೆ ನಂಬರಿನ ಮೇಲೆಯೇ ಆಕ್ಷೇಪಣೆ ದಾಖಲಿಸುವ ಬಟನ್ ಇರಬೇಕು. ಮೊಬೈಲ್ ಇಲ್ಲದವರಿಗಾಗಿ ಅದೇ ನಕ್ಷೆ ಪ್ರತಿ ವಾರ್ಡ್ ಕಚೇರಿಯ ಗೋಡೆಯ ಮೇಲೆ 60 ದಿನವೂ ತೂಗುತ್ತಿರಬೇಕು. ಐದು ನಕ್ಷತ್ರಗಳಲ್ಲಿ ನಾನು ನಾಲ್ಕನ್ನು ಕೊಡುತ್ತಿದ್ದೇನೆ, ಐದನೆಯದನ್ನು ಆ ಪದರ ಬಂದ ದಿನ ಸೇರಿಸುತ್ತೇನೆ.